ತಾಂಬೂಲದ ಜೊತೆ ನನ್ನ ರೆಸ್ಯೂಮೆ

ಕೆಲಸದಲ್ಲಿ ಇರುವವನಿಗೆ ಏನೂ ನಡೆಯುವುದಿಲ್ಲ, ಕೆಲಸ ಹುಡುಕುವವನಿಗೆ ದಿನಕ್ಕೊಂದು ನಡೆಯುತ್ತದೆ. ಹತ್ತೊಂಬತ್ತು ವರ್ಷ ಪ್ರೋಗ್ರಾಂ ಬರೆದ ನನ್ನನ್ನು ಕಂಪನಿಯವರು ಹದಿನೈದು ನಿಮಿಷದ ಒಂದು ಕರೆಯಲ್ಲಿ ಮನೆಗೆ ಕಳಿಸಿದರು. ನಾನು ತುಮಕೂರಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ಹಾಗಾಗಿ ಕಳಿಸುವ ಶ್ರಮವೂ ಅವರಿಗೆ ಇರಲಿಲ್ಲ.

"ಆರು ತಿಂಗಳು ಖಾಲಿ ಕೂತರೆ ಮುಗೀತು, ಆಮೇಲೆ ಯಾವ ಕಂಪನಿಯೂ ಮೂಸಿ ನೋಡಲ್ಲ" ಎಂದು ಗೆಳೆಯರು ಹೆದರಿಸಿದ್ದರು. ಐದು ತಿಂಗಳು ಆಗಲೇ ಕಳೆದಿತ್ತು. ನನಗೆ ನಿಜಕ್ಕೂ ಭಯವಾಗಿತ್ತು. ಬೇರೇನೂ ಮಾಡಲು ಬಾರದವನು ನಾನು.

೧. ಗುಬ್ಬಿಯ ಶುಕ್ರವಾರ

ಗುಬ್ಬಿಯಲ್ಲಿರುವ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ವಿಷಯ ಕೇಳಿ, "ನೀವೇನು ಅಂತ ಬರ್ದಿರೋ ಕಾಗದ ಇದ್ರೆ ಕೊಡಿ ಅಳಿಯಂದ್ರೇ" ಎಂದರು. ಮೂರು ಪುಟದ ರೆಸ್ಯೂಮೆ ಕೊಟ್ಟೆ.

ಮುಂದಿನ ವಾರ ಹೋದಾಗ ಗೊತ್ತಾಯಿತು, ಅವರು ಐವತ್ತು ಝೆರಾಕ್ಸ್ ಮಾಡಿಸಿದ್ದರು. ಶ್ರಾವಣ ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆಲ್ಲ ಎಲೆ, ಅಡಿಕೆ, ಬಾಳೆಹಣ್ಣು, ಅದರ ಮೇಲೊಂದು ನನ್ನ ರೆಸ್ಯೂಮೆ.

"ಅತ್ತೆ, ಹಿಂಗೆಲ್ಲ ಹಂಚಬಾರ್ದು" ಎಂದೆ.

"ನೀವು ಇಂಟರ್‌ನೆಟ್ಟಿಗೆ ಇನ್ನೂರು ಹಾಕಿದ್ರಲ್ಲ, ಒಬ್ರಾದ್ರೂ ಫೋನ್ ಮಾಡಿದ್ರಾ?"

ಮಾಡಿರಲಿಲ್ಲ. ಅತ್ತೆ ಹಂಚಿದ ಮಾರನೇ ದಿನ ಮಾತ್ರ ನಾಲ್ಕು ಕರೆ ಬಂದವು. ನಾನು ಬೆರಗಾಗಿ ಕೂತುಬಿಟ್ಟೆ. ಅದರಲ್ಲಿ ಒಂದು ಹೆಣ್ಣಿನ ಕಡೆಯವರದು, ಹುಡುಗನ ನಕ್ಷತ್ರ ಯಾಕೆ ಹಾಕಿಲ್ಲ ಎಂದು ಕೇಳಿದರು.

೨. ಬೀಳಿಸಿ ನೋಡುವುದು

ಇನ್ನೊಂದು ಕರೆ ಅಂತರಸನಹಳ್ಳಿಯ ಒಬ್ಬ ಕಾರ್ಖಾನೆ ಮಾಲೀಕರದು. ಅವರ ಹೆಂಡತಿ ಆ ಶುಕ್ರವಾರ ತಾಂಬೂಲ ತೆಗೆದುಕೊಂಡವರಲ್ಲಿ ಒಬ್ಬರು. ಹೋದೆ. ಟೀ ತರಿಸಿದರು. ರೆಸ್ಯೂಮೆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ನೋಡಿ ಸಾರ್, ವೆಲ್ಡರ್ ಬಂದ್ರೆ ನಾನು ಸರ್ಟಿಫಿಕೇಟ್ ಕೇಳಲ್ಲ. ಎರಡು ಪಟ್ಟಿ ಬೆಸೆಯೋ ಅಂತೀನಿ. ಬೆಸೆದಿದ್ದನ್ನ ಎತ್ತಿ ನೆಲಕ್ಕೆ ಬಿಡ್ತೀನಿ. ಬೆಸುಗೆ ಬಿಟ್ಕೊಳ್ಳಲಿಲ್ಲ ಅಂದ್ರೆ ಕೆಲ್ಸ. ನೀವು ಮಾಡಿರೋದು ಏನಾದ್ರೂ ತೋರ್ಸಿ, ಬೀಳ್ಸಿ ನೋಡಣ."

ನಾನು ದಂಗಾಗಿ ಹೋದೆ. ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಇಂಟರ್‌ವ್ಯೂ ಕೊಟ್ಟಿದ್ದೆ. ನೀನು ಮಾಡಿದ ಕೆಲಸ ತೋರಿಸು ಎಂದವರು ಇವರೊಬ್ಬರೇ. ಎದೆಯುಬ್ಬಿಸಿ ಮೊಬೈಲ್ ತೆಗೆದು, ನಾನೇ ಬರೆದ ಬಸ್ ಟಿಕೆಟ್ ಆ್ಯಪ್ ಅವರ ಕೈಗಿಟ್ಟೆ. ಅವರು ತುಮಕೂರಿನಿಂದ ತುಮಕೂರಿಗೇ ಒಂದು ಟಿಕೆಟ್ ಕೇಳಿದರು. ಆ್ಯಪ್ ಎರಡು ಸುತ್ತು ಯೋಚಿಸಿ, ಬೆಳ್ಳಗಾಗಿ, ಮುಚ್ಚಿಕೊಂಡಿತು.

ಮಾಲೀಕರು ಬೇಜಾರಿಲ್ಲದೆ ಮೊಬೈಲ್ ವಾಪಸ್ ಕೊಟ್ಟು, "ಬಿಟ್ಕೊಂಡ್ತು ಸಾರ್. ಟೀ ಕುಡೀರಿ" ಎಂದರು.

೩. ಕುಣಿಗಲ್‌ನ ದೊಡ್ಡಪ್ಪ

ಆರು ತಿಂಗಳಿಗೆ ಇನ್ನು ಎರಡೇ ವಾರ ಇದ್ದಾಗ ಒಂದು ಒಳ್ಳೆಯ ಕಂಪನಿಯಿಂದ ಮೇಲ್ ಬಂತು. ಮೊದಲ ಸುತ್ತಿನಲ್ಲಿ ಪ್ರಶ್ನೆ ಕೇಳುವುದು ಮನುಷ್ಯರಲ್ಲ, ಯಂತ್ರ. ಅವತ್ತೇ ಕುಣಿಗಲ್‌ನಲ್ಲಿ ದೊಡ್ಡಮ್ಮನ ಮೊಮ್ಮಗಳ ನಾಮಕರಣ. ತಪ್ಪಿಸಿಕೊಳ್ಳುವಂತಿರಲಿಲ್ಲ. ಅವರ ಮನೆಯ ಸಾಮಾನಿನ ಕೋಣೆಯಲ್ಲಿ ಅಕ್ಕಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಬಾಗಿಲು ಹಾಕಿಕೊಂಡೆ.

ಎರಡನೇ ಪ್ರಶ್ನೆಗೇ ಯಂತ್ರ ನಿಂತಿತು. ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ, ಅವರನ್ನು ಹೊರಗೆ ಕಳಿಸಿ ಎಂದಿತು. ತಿರುಗಿ ನೋಡಿದರೆ ಗೋಡೆಯ ಮೇಲೆ ತೀರಿಹೋದ ದೊಡ್ಡಪ್ಪನ ಫೋಟೋ, ಅದಕ್ಕೊಂದು ಹಾರ.

ಬಾಗಿಲು ತೆಗೆದು ದೊಡ್ಡಮ್ಮನನ್ನು ಕರೆದೆ. "ದೊಡ್ಡಮ್ಮ, ದೊಡ್ಡಪ್ಪನ್ನ ಅರ್ಧ ಗಂಟೆ ಹೊರಗೆ ಕರ್ಕೊಂಡ್ಹೋಗು. ಇಲ್ಲಿ ಯಾರೋ ಕೂತವ್ರೆ ಅಂತೈತೆ ಕಂಪ್ಯೂಟ್ರು."

ದೊಡ್ಡಮ್ಮ ಫೋಟೋ ಇಳಿಸಿ ಎದೆಗೊತ್ತಿಕೊಂಡು ನಡುಮನೆಗೆ ಹೋದರು. ಅಲ್ಲಿಂದ ಅವರ ದನಿ ನನಗೂ ಯಂತ್ರಕ್ಕೂ ಕೇಳಿತು. "ಕೇಳ್ಕೊಳ್ರೋ! ಅವ್ರು ಈ ಮನೆ ಬಿಟ್ಟು ಹೋಗಿಲ್ಲ ಅಂತ ಎಂಟು ವರ್ಷದಿಂದ ಬಡ್ಕೊಳ್ತಾ ಇದೀನಿ. ಒಬ್ರೂ ನಂಬ್ಲಿಲ್ಲ. ಈಗ ಕಂಪ್ಯೂಟ್ರೇ ಹೇಳ್ತು!"

೪. ಕೊನೆಯ ಪ್ರಶ್ನೆ

ಆ ಸುತ್ತಿನಲ್ಲಿ ನಾನು ಪಾಸಾದೆ. ದೊಡ್ಡಪ್ಪನ ಆಶೀರ್ವಾದ ಎಂದರು ದೊಡ್ಡಮ್ಮ. ಕೊನೆಯ ಸುತ್ತು ತುಮಕೂರಿನ ನಮ್ಮ ಮನೆಯಿಂದ, ಈ ಸಲ ಮನುಷ್ಯರ ಜೊತೆ. ಆರು ತಿಂಗಳು ತುಂಬಲು ನಾಲ್ಕು ದಿನ ಬಾಕಿ. ಅತ್ತೆ ಗುಬ್ಬಿಯಿಂದ ವಿಭೂತಿ ತಂದು ನನ್ನ ಹಣೆಗೆ ಹಚ್ಚಿ, ಲ್ಯಾಪ್‌ಟಾಪಿನ ಹಿಂದೆ ಕ್ಯಾಮೆರಾಗೆ ಕಾಣದ ಹಾಗೆ ಕೂತರು.

ಇಂಟರ್‌ವ್ಯೂ ಮಾಡಿದವರು ಒಬ್ಬ ನಯವಾದ ಮನುಷ್ಯ. ಮುಕ್ಕಾಲು ಗಂಟೆ ಚೆನ್ನಾಗಿಯೇ ಹೋಯಿತು. ಕೊನೆಗೆ ಇಂಗ್ಲಿಷಿನಲ್ಲಿ, ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದರು. ಇಲ್ಲ ಎನ್ನಲು ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಎದ್ದು ಬಂದು ನನ್ನ ಪಕ್ಕ ನಿಂತರು.

"ನಂದೊಂದು ಐತಪ್ಪ. ಹೆಣ್ಣು ಕೊಡೋವಾಗ ಆ ಮನೆ ಹೆಂಗೆ ಅಂತ ವಿಚಾರಿಸ್ತೀವಿ. ಈ ಜಾಗದಲ್ಲಿ ಮುಂಚೆ ಇದ್ದೋರು ಯಾಕೆ ಬಿಟ್ರು?"

ಹೋಯಿತು ಕೆಲಸ ಅಂದುಕೊಂಡೆ. ಆ ಮನುಷ್ಯ ಕನ್ನಡಕ ತೆಗೆದಿಟ್ಟರು. ಆಮೇಲೆ ಕನ್ನಡದಲ್ಲೇ ಹೇಳಿದರು. "ಆ ಜಾಗದಲ್ಲಿ ಈಗ ಇರೋನು ನಾನೇ ಅಮ್ಮ. ಮ್ಯಾನೇಜರ್‌ಗಳು ಬೇಡ, ಕೋಡ್ ಬರೆಯೋರು ಸಾಕು ಅಂದ್ರು. ಒಬ್ಬರನ್ನ ಹುಡುಕಿಕೊಟ್ಟು ಹೋಗು ಅಂದಿದ್ದಾರೆ. ಈ ತಿಂಗಳೇ ಕೊನೆ."

"ಅಯ್ಯೋ ಮಗಾ. ಎಷ್ಟು ವರ್ಷ ಮಾಡಿದ್ಯಪ್ಪ?"

"ಇಪ್ಪತ್ತೆರಡು."

"ನೀನು ಹೆದರ್ಬೇಡ. ನಿನ್ನ ಕಾಗದಾನೂ ಕಳ್ಸು. ನಂ ಗುಬ್ಬೀಲಿ ಹಂಚ್ತೀನಿ."

ಎರಡು ದಿನಕ್ಕೆ ನನಗೆ ಆಫರ್ ಬಂತು. ನಾನು ಮಗುವಿನ ಹಾಗೆ ಅತ್ತುಬಿಟ್ಟೆ. ಅತ್ತೆ ಮಾತ್ರ ಕೊಟ್ಟ ಮಾತಿನಂತೆ ಮುಂದಿನ ಶುಕ್ರವಾರ ಆ ಮನುಷ್ಯರ ರೆಸ್ಯೂಮೆ ಇಟ್ಟು ಐವತ್ತು ತಾಂಬೂಲ ಕೊಟ್ಟರು. ಅವರ ಮೇಲೆ ನನಗಿದ್ದ ಗೌರವ ಇನ್ನೂ ಒಂದು ಗೇಣು ಬೆಳೆಯಿತು.

ಭಾನುವಾರ ಅದೇ ಮನುಷ್ಯ ನನಗೆ ಫೋನ್ ಮಾಡಿದರು.

"ಸರ್, ಅಂತರಸನಹಳ್ಳಿಯಿಂದ ಒಬ್ಬರು ಇಂಟರ್‌ವ್ಯೂಗೆ ಕರೆದಿದ್ದಾರೆ. ನಾನು ಮಾಡಿದ ಕೆಲಸ ಏನಾದ್ರೂ ತರಬೇಕಂತೆ, ಬೀಳಿಸಿ ನೋಡ್ತಾರಂತೆ. ಏನು ತಗೊಂಡು ಹೋಗ್ಲಿ?"

"ಏನು ಬೇಕಾದ್ರೂ ತಗೊಂಡ್ಹೋಗಿ ಸರ್" ಎಂದೆ. "ಆದ್ರೆ ಮೊದಲು ಅದರಲ್ಲಿ ತುಮಕೂರಿಂದ ತುಮಕೂರಿಗೆ ಒಂದು ಟಿಕೆಟ್ ಕೇಳಿ ನೋಡಿ."