ಹಸೆಗೆ ಕರೆದ ಬ್ಯಾಂಜೋ

ನನ್ನ ಯಜಮಾನರ ಸೋದರಮಾವನಷ್ಟು ಒಳ್ಳೆಯ ಮನುಷ್ಯ ಇಡೀ ಪಾಂಡವಪುರದಲ್ಲಿ ಇಲ್ಲ ಎಂದು ಪಾಂಡವಪುರದವರೆಲ್ಲ ಹೇಳುತ್ತಾರೆ. ಹೇಳದೆ ಏನು? ಅವರು ಬ್ಯಾಂಜೋ ನುಡಿಸುವುದು ಪಾಂಡವಪುರದಲ್ಲಲ್ಲ, ಶ್ರೀರಂಗಪಟ್ಟಣದ ನಮ್ಮ ಮನೆಯ ಹಜಾರದಲ್ಲಿ!

ಬ್ಯಾಂಜೋ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಭಜನೆಯವರ ಪೆಟ್ಟಿಗೆ ಬಂದಿರಬಹುದು, ಟೈಪ್‌ರೈಟರಿನ ಹಾಗೆ ಗುಂಡಿ ಒತ್ತಿ ನುಡಿಸುವಂಥದ್ದು. ಅದಾಗಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರಲಿಲ್ಲ. ಇದು ಅಮೆರಿಕದವರ ಬ್ಯಾಂಜೋ. ಜರಡಿಗೆ ಚರ್ಮ ಬಿಗಿದು ಉದ್ದನೆಯ ಕತ್ತು ಸಿಕ್ಕಿಸಿದರೆ ಹೇಗಿರುತ್ತದೋ ಹಾಗಿದೆ. ತಂತಿಗಳು ಐದು. ನಾಲ್ಕು ತಂತಿಗಳು ಮರ್ಯಾದೆಯಿಂದ ಕತ್ತಿನ ತುದಿಯಿಂದ ಹೊರಡುತ್ತವೆ. ಐದನೆಯದು ಗಿಡ್ಡ; ಸ್ಟಾಪಿಲ್ಲದ ಕಡೆ ಬಸ್ಸು ಹತ್ತಿದವನ ಹಾಗೆ ಕತ್ತಿನ ನಡುವೆ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. ಮೈಸೂರಿನ ಹಾರ್ಮೋನಿಯಂ ರಿಪೇರಿ ಅಂಗಡಿಯೊಂದರ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಇದನ್ನು ನೋಡಿ ಮಾವ ಮೊದಲು ಕೇಳಿದ್ದು, "ಈ ತಂತಿ ಯಾಕಯ್ಯಾ ಅರ್ಧಕ್ಕೇ ತುಂಡಾಗ್ಯದೆ?" ಎಂದಂತೆ.

ಅಕ್ಕಸಾಲಿಗ ಮನುಷ್ಯನಿಗೆ ಅರವತ್ತು ದಾಟಿದ ಮೇಲೆ ಇದೆಲ್ಲ ಯಾಕೆ ಬೇಕಿತ್ತು? ಕಾರಣ ಇತ್ತು. ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಕಾರಣ ಕೇಳಿದ ಮೇಲೂ ಹಾಗೆಯೇ ಅಂದುಕೊಂಡರೆ ನನ್ನ ಅಭ್ಯಂತರವಿಲ್ಲ.

ಅವರ ಮನೆತನದಲ್ಲಿ ಮದುವೆಯ ಹೆಣ್ಣನ್ನು ಹಸೆಗೆ ಕರೆಯಲು ಒಂದು ಹಾಡಿದೆ, ತವರಿನ ಒಲೆ ಒರಳಿನ ಅಪ್ಪಣೆ ಕೇಳಿ ಬಾ ಎನ್ನುವಂಥದ್ದು. ಹೆಣ್ಣು ಬಾಗಿಲಲ್ಲಿ ನಿಂತಿರಬೇಕು. ಹಾಡು ಪೂರ್ತಿ ಮುಗಿದ ಮೇಲೇ ಹಸೆಯ ಮೇಲೆ ಕಾಲಿಡಬೇಕು. ಆ ಹಾಡು ಬರುತ್ತಿದ್ದದ್ದು ಮಾವನ ಅಕ್ಕನಿಗೆ, ಅಂದರೆ ನಮ್ಮತ್ತೆಗೆ ಮಾತ್ರ. ಉಳಿದವರೆಲ್ಲ ಸಾಲಿನ ಕೊನೆಗೆ ದನಿ ಸೇರಿಸಿದವರೇ ಹೊರತು ಕಲಿತವರಲ್ಲ. ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅನ್ನ ಕುದಿಯುವ ಸದ್ದನ್ನು ಯಾರಾದರೂ ರೆಕಾರ್ಡ್ ಮಾಡುತ್ತಾರೆಯೇ? ಹೀಗಿರುವಾಗ ಅತ್ತೆಗೆ ಗಂಟಲಿನ ಆಪರೇಷನ್ ಆಯಿತು. ಗೆಡ್ಡೆ ಹೋಯಿತು, ಜೊತೆಗೆ ದನಿಯೂ ಹೋಯಿತು. ಉಳಿದದ್ದು ಪಿಸುಮಾತು. ಅದರಲ್ಲಿ ಬೈಯಬಹುದು, ಹಾಡಲಾಗುವುದಿಲ್ಲ. ಅದೇ ಹೊತ್ತಿಗೆ ಮಾವನ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು.

"ಅಪ್ಪ, ಮೊಬೈಲಲ್ಲಿ ಯಾವ್ದಾದ್ರೂ ಹಾಡು ಹಾಕಿದ್ರಾಯ್ತು" ಎಂದಳು ಹುಡುಗಿ.

"ಯಾವ್ದಾದ್ರೂ ಆಡು ಆಕಾಕೆ ಇದೇನು ಪ್ರೈವೇಟ್ ಬಸ್ಸಾ? ನಮ್ಮಕ್ಕನ ಆಡು ಆಗ್ಬೇಕು. ಅಕ್ಕ ಆಡಕಾಗ್ದಿದ್ರೆ ನಾನು ನುಡಿಸ್ತೀನಿ!"

ಕೊಳಲು ಕಲಿಯಬಹುದಿತ್ತಲ್ಲ ಎಂದು ನಾನು ಮೆಲ್ಲಗೆ ಹೇಳಿ ನೋಡಿದೆ.

"ಊದಿದ್ದು ಸಾಕಾಗ್ಯದೆ ಕಣವ್ವಾ. ಜೀವ್ಮಾನೆಲ್ಲಾ ಕುಲುಮೆ ಮುಂದೆ ಊದೇ ಊದಿವ್ನಿ."

ಅಲ್ಲಿಗೆ ಬ್ಯಾಂಜೋ ಬಂತು. ಬ್ಯಾಂಜೋ ಬಂದಲ್ಲಿಗೆ ನಾನು ಸಿಕ್ಕಿಬಿದ್ದೆ. ಯಾಕೆಂದರೆ ಅದನ್ನು ಕಲಿಸುವವರೆಲ್ಲ ಮೊಬೈಲಿನೊಳಗಿದ್ದರು, ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನಾನೋ ಕಾನ್ವೆಂಟಿನಲ್ಲಿ ಓದಿದವಳು! ಹುರುಳಿಕಾಯಿ ಸೋಸುತ್ತಿದ್ದರೆ ಕರೆ ಬರುತ್ತಿತ್ತು: "ಬಾರವ್ವಾ ಇಲ್ಲಿ, ಈ ಗಡ್ಡದೋನು ಏನಂತಾನೆ ಏಳು."

ಗಡ್ಡದವನು ಎರಡು ದಾರಿ ತೋರಿಸುತ್ತಿದ್ದ. ಒಂದರಲ್ಲಿ ಬೆರಳುಗಳು ಎಡೆಬಿಡದೆ ಉರುಳುತ್ತಿರುತ್ತವೆ, ನಡುನಡುವೆ ಹಾಡು ಚೂರುಚೂರಾಗಿ ಇಣುಕುತ್ತದೆ. ಇನ್ನೊಂದು ಮೆಲೊಡಿಕ್ ಶೈಲಿ. ಅದರಲ್ಲಿ ಹಾಡಿನ ಒಂದು ಸ್ವರವನ್ನೂ ಬಿಡುವ ಹಾಗಿಲ್ಲ. ಮೊದಲನೆಯದೇ ಸುಲಭ ಎಂದು ಗಡ್ಡದವನೂ ಹೇಳಿದ, ನಾನೂ ಒತ್ತಿ ಹೇಳಿದೆ.

"ಚೂರು ಆಡು ತಗಂಡು ಏನ್ಮಾಡಾನ? ಎಣ್ಣು ಅರ್ಧ ಹಸೆ ಮೇಲೆ ಕೂತ್ಕತದಾ? ಎರಡ್ನೇದೇ ಆಗ್ಲಿ."

ಎರಡನೆಯದರ ಕಾನೂನು ಕೇಳಿ. ಒಂದು ಸ್ವರ ನುಡಿಸಿದ ತಂತಿಯನ್ನು ಮರುಸ್ವರಕ್ಕೆ ಮುಟ್ಟುವಂತಿಲ್ಲ. ಅದು ಇನ್ನೂ ಗುಂಯ್ಗುಡುತ್ತಿರುವಾಗಲೇ ಬೇರೊಂದು ತಂತಿಯಲ್ಲಿ ಮುಂದಿನ ಸ್ವರ ಹುಟ್ಟಬೇಕು. ಹೀಗಾಗಿ ಎಷ್ಟೋ ಸಲ ಮೇಲಿನ ಸ್ವರ ಬೇಕೆಂದರೆ ದಪ್ಪ ತಂತಿಗೆ ಇಳಿದು, ಕತ್ತಿನ ನಡುವೆ ಎಲ್ಲೋ ಬೆರಳಿಡಬೇಕು. ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಮಾವ ನನ್ನನ್ನೇ ದಿಟ್ಟಿಸಿ ನೋಡಿದರು.

"ಮ್ಯಾಕೆ ಓಗಾಕೆ ಕೆಳಗಿಳೀಬೇಕಾ? ನಿಮ್ ಕಾನ್ವೆಂಟಲ್ಲಿ ಇಂಗ್ಲಿಷು ನೆಟ್ಟಗೆ ಏಳ್ಕೊಟ್ಟಿಲ್ಲ ಅಂತ ಕಾಣ್ತದೆ ಬುಡವ್ವಾ."

ಇನ್ನು ಬೆರಳಿಗೆ ಹಾಕಿಕೊಳ್ಳುವ ಲೋಹದ ಉಗುರುಗಳ ಕಥೆ. ಬೇರೆಯವರಾದರೆ ಕೊಂಡುಕೊಳ್ಳುತ್ತಾರೆ. ಅಕ್ಕಸಾಲಿಗರಿಗೆ ಅದು ಅವಮಾನ. ತಾವೇ ಮಾಡಿಕೊಂಡರು, ಬೆಳ್ಳಿಯಲ್ಲಿ, ಅಂಚಿಗೆ ಸಣ್ಣ ಬಳ್ಳಿಯ ಕೆತ್ತನೆ ಬೇರೆ! ನಾನೂ ಮೆಚ್ಚಿಕೊಂಡೆ. ಸಂಜೆ ಅವರ ಹೆಂಡತಿಯಿಂದ ಫೋನು ಬಂತು.

"ವರಪೂಜೆಗೆ ಅಂತ ಬೆಳ್ಳಿ ಪಂಚಪಾತ್ರೆ ಉದ್ಧರಣೆ ಎತ್ತಿಟ್ಟಿದ್ನಲ್ಲವ್ವಾ, ಪಂಚಪಾತ್ರೆ ಅದೆ, ಉದ್ಧರಣೆ ಎಲ್ಲವ್ವಾ? ನಿಮ್ ಮಾವನ ಬೆರಳ ತುದೀಲಿ ಕುಂತದೆ! ಅಳಿಮಯ್ಯಂಗೆ ನೀರು ಏನ್ರಲ್ಲಿ ಬುಡಾನ, ಬ್ಯಾಂಜಾದಲ್ಲಾ?"

ಆ ದಿನವೇ ಅವರನ್ನೂ ಅವರ ವಾದ್ಯವನ್ನೂ ಮನೆಯಿಂದ ಆಚೆಗೆ ಹಾಕಿದ್ದಾಯಿತು. ಅಕ್ಕ ಇರುವಾಗ ತಮ್ಮನಿಗೇನು ಕೊರತೆ? ಅಲ್ಲಿಯವರೆಗೆ ಆಗೀಗ ಬಂದು ಹೋಗುತ್ತಿದ್ದವರು ದಿನಾ ಬೆಳಗಿನ ತಿಂಡಿಯ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಹಾಜರಾಗತೊಡಗಿದರು. ಒಂದು ದಿನ ರೈಲಿನಲ್ಲಿ ಬಂದರೆ ಮಾರನೆಯ ದಿನ ಬಸ್ಸಿನಲ್ಲಿ. ಯಾಕೆ ಎಂದು ಕೇಳಿದೆ, ಕೇಳಬಾರದಿತ್ತು. "ಒಂದೇ ತಂತಿ ಮ್ಯಾಲ್ಮ್ಯಾಲೆ ಮುಟ್ಬಾರ್ದು ಕಣವ್ವಾ. ಕೈಗೆ ರೂಢಿ ಆಗ್ಬೇಕು ಅಂದ್ರೆ ಮೊದ್ಲು ಮನುಷ್ಯಂಗೆ ರೂಢಿ ಆಗ್ಬೇಕು." ಊಟಕ್ಕೆ ಕುಳಿತರೂ ಅದೇ. ಒಂದು ತುತ್ತು ಮುದ್ದೆಯಾದರೆ ಮರುತುತ್ತು ಅನ್ನ, ಆಮೇಲೆ ಒಂದು ಚೂರು ಉಪ್ಪಿನಕಾಯಿ, ಮತ್ತೆ ಮುದ್ದೆ. ಪಾಯಸವನ್ನೂ ಉಪ್ಪಿನಕಾಯಿಯನ್ನೂ ಆ ಕ್ರಮದಲ್ಲಿ ತಿನ್ನುವುದನ್ನು ನೋಡಿ ನನ್ನ ಹಲ್ಲು ಜುಮ್ಮೆಂದಿತು.

ಅದೂ ಹೋಗಲಿ, ಲಗ್ನಪತ್ರಿಕೆ ಹಂಚುವುದರಲ್ಲೂ ಹೀಗೆ ಮಾಡುವುದೇ? ಕಿಕ್ಕೇರಿಯಲ್ಲಿ ನೆಂಟರಾದ ಅಣ್ಣತಮ್ಮಂದಿರಿಬ್ಬರ ಮನೆಗಳು ಒಂದೇ ಗೋಡೆಗೆ ಅಂಟಿಕೊಂಡಿವೆ. ಮಾವ ಅಣ್ಣನ ಮನೆಗೆ ಪತ್ರಿಕೆ ಕೊಟ್ಟರು, ಕಾಫಿ ಕುಡಿದರು, ತಮ್ಮನ ಜಗಲಿ ದಾಟಿ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದರು. ನಾಗಮಂಗಲಕ್ಕೆ ಹೋಗಿ, ಬಿಂಡಿಗನವಿಲೆಯಲ್ಲಿ ಒಂದು ಮನೆಗೆ ಕೊಟ್ಟು, ಕೆ.ಆರ್. ಪೇಟೆ ಮೇಲೆ ಮತ್ತೆ ಕಿಕ್ಕೇರಿಗೆ ಬಂದು ತಮ್ಮನಿಗೆ ಕೊಡುವ ಯೋಜನೆ! ಅಷ್ಟರೊಳಗೆ ಕಿಕ್ಕೇರಿಯ ತಮ್ಮನ ಫೋನು ನಮ್ಮ ಮನೆಗೇ ಬಂತು. ಸ್ಪೀಕರ್ ಹಾಕಿದೆ.

"ಏನಕ್ಕೋ, ನಿನ್ ತಮ್ಮ ನಮ್ ಜಗಲಿ ಮುಂದೇನೇ ಓದ, ಮಕ ಎತ್ತಿ ನೋಡ್ಲಿಲ್ಲ! ನಾವೇನು ಅವ್ನ ಗಂಟು ತಿಂದಿದ್ವಾ?"

ಅತ್ತೆ ಪಿಸುದನಿಯಲ್ಲಿ ಏನೋ ಹೇಳಿದರು, ಅತ್ತ ಕೇಳಿಸಲಿಲ್ಲ. ಅವರ ಪರವಾಗಿ ಸಮಾಧಾನ ನಾನೇ ಹೇಳಬೇಕಾಯಿತು. ಐದು ತಂತಿಯ ವಾದ್ಯದ ಬೆರಳುಕ್ರಮದಿಂದಾಗಿ ನಿಮ್ಮ ಮನೆಗೆ ಪತ್ರಿಕೆ ತಡವಾಗಿದೆ ಎಂದು ಹೇಗೆ ಹೇಳುವುದು, ನೀವೇ ಹೇಳಿ! ಬಿಸಿಲಿಗೆ ತಲೆ ಸುತ್ತಿತಂತೆ ಎಂದೆ.

ಅಭ್ಯಾಸದ ವೈಖರಿ ಇನ್ನೊಂದು ಬಗೆ. ಮಾವ ಚಾಪೆಯ ಮೇಲೆ; ಎದುರಿಗೆ ಕುರ್ಚಿಯಲ್ಲಿ ಅತ್ತೆ, ಕೈಯಲ್ಲಿ ಬೀಸಣಿಗೆ. ಚಿಕ್ಕಂದಿನಿಂದ ಕೇಳಿದ ಧಾಟಿ ಮಾವನ ತಲೆಯೊಳಗಿತ್ತು, ಪದ ಒಂದೂ ಗೊತ್ತಿರಲಿಲ್ಲ. ಪದವೆಲ್ಲ ಅತ್ತೆಯ ಬಾಯಲ್ಲಿತ್ತು, ಧಾಟಿಗೆ ದನಿ ಇರಲಿಲ್ಲ. ಅವರು ಒಂದು ಸಾಲು ಪಿಸುಗುಡುವುದು, ಇವರು ಆ ಸಾಲನ್ನು ತಂತಿಯ ಮೇಲೆ ಹುಡುಕುವುದು. ತಪ್ಪಿದರೆ ಬೀಸಣಿಗೆ ಫಟ್ ಎಂದು ಮಾವನ ಮೊಣಕಾಲಿಗೆ ಬೀಳುತ್ತಿತ್ತು.

"ಅಲ್ಲಿ ಇಳೀಬ್ಯಾಡ ಕಣ್ಲಾ, ಹತ್ತು! ಒಲೆ ಕೇಳಿ ಬಾ ಅನ್ನೋವಾಗ ಹತ್ಬೇಕು, ಒರಳು ಕೇಳಿ ಬಾ ಅನ್ನೋವಾಗ ಇಳೀಬೇಕು."

"ಅತ್ತಾಕೇ ಇಳೀತಾ ಇವ್ನಿ ಕಣಕ್ಕಾ. ಈ ವಾದ್ಯದಲ್ಲಿ ಅಂಗೇಯ."

"ನಿನ್ ತಲೆ! ಮೊದ್ಲಿಂದ ಹೊಡಿ."

ಮೊದಲಿಂದ. ಮತ್ತೆ ಮೊದಲಿಂದ. ಹುಳಿಗೆ ಒಗ್ಗರಣೆ ಹಾಕುವಾಗ ಅದೇ, ಬಟ್ಟೆ ಒಣಗಲು ಹಾಕುವಾಗ ಅದೇ. ಪಕ್ಕದ ಮನೆಯವರು ನಮ್ಮ ಕಡೆಯ ಕಿಟಕಿ ಮುಚ್ಚಿದರು. ನಮ್ಮ ಮನೆಯ ಹಾಲಿನವಳು "ನಿಮ್ಮನೇಲಿ ಕೊಡ ರಿಪೇರಿ ಇನ್ನೂ ಮುಗೀಲಿಲ್ವಾ ಅಕ್ಕೋ" ಎಂದು ಕೇಳಿದಳು. ಕೊನೆಗೆ ನಾನೇ, "ಮಾವ, ಕರಿಘಟ್ಟದ ಮೇಲೆ ಒಳ್ಳೆ ಗಾಳಿ ಬರುತ್ತೆ, ಪ್ರಶಾಂತವಾಗಿರುತ್ತೆ" ಎಂದು ಆಸೆ ತೋರಿಸಿ ಕಳಿಸಿದೆ. ಕುಕ್ಕರ್ ಕೂಗುವಷ್ಟರಲ್ಲಿ ವಾಪಸ್ಸು!

"ಯಾಕೆ ಮಾವ?"

"ಅಲ್ಲಿ ತಪ್ಪು ಮಾಡಿದ್ರೆ ಒಡೆಯೋರೇ ಇಲ್ಲ ಕಣವ್ವಾ. ಸರೀನೋ ತಪ್ಪೋ ಗೊತ್ತೇ ಆಗಾಕಿಲ್ಲ."

ಮದುವೆ ಹತ್ತಿರ ಬಂದಂತೆ ಹುಡುಗಿಯೂ ಗೋಗರೆದಳು. "ಅಕ್ಕ, ನೀನಾದ್ರೂ ಹೇಳು. ಗಂಡಿನ ಕಡೆಯೋರು ನಗ್ತಾರೆ." ನಾನು ಹೇಳಿದೆ. ಮಾವ ತಲೆ ತಗ್ಗಿಸಿ ತಂತಿ ಬಿಗಿಯುತ್ತಾ, "ನಗ್ಲಿ. ಅಮ್ಮನ ಮದ್ವೇಲಿ ಅಜ್ಜಿ ಆಡಿದ್ರು, ಅಕ್ಕನ ಮದ್ವೇಲಿ ಅಮ್ಮ ಆಡಿದ್ರು. ನನ್ ಮಗಳ ಕಾಲಕ್ಕೆ ನಿಂತೋಯ್ತು ಅನ್ನಿಸ್ಕಳ್ಳಾ?" ಎಂದರು. ಅತ್ತೆ ಎದ್ದು ಒಳಗೆ ಹೋದರು. ಅವರು ಸೆರಗನ್ನು ಕತ್ತಿನ ಗಾಯದ ಗುರುತಿನ ಮೇಲೆ ಎಳೆದುಕೊಂಡದ್ದು ನನಗೆ ಕಾಣಿಸಿತು.

ಮದುವೆಯ ಬೆಳಗ್ಗೆ ಪಾಂಡವಪುರದ ಛತ್ರದಲ್ಲಿ ಓಲಗದವರನ್ನು ಸುಮ್ಮನಿರಿಸಿ ಹಸೆ ಹಾಸಿದರು. ಹುಡುಗಿ ಕೋಣೆಯ ಬಾಗಿಲಲ್ಲಿ ನಿಂತಳು. ಶಲ್ಯ ಹೊದ್ದ ಮಾವ ಬೆಳ್ಳಿಯ ಉಗುರು ತೊಟ್ಟು, ಜರಡಿಯನ್ನು ಮಡಿಲಿಗೆ ಏರಿಸಿದರು. ಗಂಡಿನ ಕಡೆಯ ಹುಡುಗಿಯರು ಆಗಲೇ ಕಿಸಕ್ಕೆಂದರು. ನಾನು ಅತ್ತೆಯ ಪಕ್ಕದಲ್ಲಿ ಕುಳಿತು ನೆಲ ನೋಡಿದೆ.

ಮಾವ ನುಡಿಸಿದರು. ಏನು ಹೇಳಲಿ! ಒಂದು ಸ್ವರವೂ ಜಾರಲಿಲ್ಲ. ಒಂದರ ಝೇಂಕಾರದೊಳಗಿನಿಂದ ಇನ್ನೊಂದು ಏಳುತ್ತಾ, ಹಿತ್ತಾಳೆ ಕೊಡದೊಳಗೆ ನೀರು ತುಂಬಿದ ಹಾಗೆ ಹಾಡು ತುಂಬಿಕೊಂಡಿತು. ಕಿಕ್ಕೇರಿಯ ಆ ತಮ್ಮನೇ ಎದ್ದು ನಿಂತು, "ಅಕ್ಕನ್ ಆಡೇ ಕಣ್ರಲಾ ಇದು!" ಎಂದ. ನಗು ನಿಂತಿತು.

ಆಗ ಮಾವ ಒಂದು ಕೆಲಸ ಮಾಡಿದರು. ಇಷ್ಟು ತಿಂಗಳು ತಂತಿ ಬಿಟ್ಟು ಬೇರೇನನ್ನೂ ನೋಡದಿದ್ದವರು ತಲೆ ಎತ್ತಿ ಮಗಳನ್ನು ನೋಡಿದರು. ಅಷ್ಟೇ, ಬೆರಳು ನಿಂತಿತು.

"ಅಪ್ಪಾ, ನುಡ್ಸಪ್ಪಾ" ಎಂದಳು ಹುಡುಗಿ, ಬೇಡವೆಂದು ಗೋಗರೆದಿದ್ದ ಅದೇ ಹುಡುಗಿ. ಮಾವ ತಲೆಯಾಡಿಸಿದರು. ಆಗಲಿಲ್ಲ. ಪುರೋಹಿತರು ಗಡಿಯಾರ ನೋಡಿದರು. ಹಾಡು ಅರ್ಧ, ಹುಡುಗಿ ಬಾಗಿಲಲ್ಲಿ.

ನನ್ನ ಪಕ್ಕದಲ್ಲಿ ಅತ್ತೆಯ ತುಟಿ ಅಲ್ಲಾಡತೊಡಗಿತು. ಒಲೆ ಕೇಳಿ ಬಾ ಮಗಳೆ, ಒರಳು ಕೇಳಿ ಬಾ. ಬರೀ ಗಾಳಿ. ಅಷ್ಟು ದೊಡ್ಡ ಛತ್ರದಲ್ಲಿ ಅದು ಕೇಳಿಸುತ್ತಿದ್ದದ್ದು ನನಗೊಬ್ಬಳಿಗೇ. ಅವರು ನಿಲ್ಲಿಸಲೂ ಇಲ್ಲ.

ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನನ್ನು ಹಾಡುವವರ ಕೊನೆಯ ಸಾಲಿನಲ್ಲಿ ನಿಲ್ಲಿಸಿ, ನೀನು ಬಾಯಿ ಮಾತ್ರ ಆಡಿಸಮ್ಮ ಎನ್ನುತ್ತಿದ್ದರು. ಅಂಥವಳ ಬಾಯಿಂದ ಹಾಡು ಹೊರಬಿತ್ತು. ಪದ ಅತ್ತೆಯದು, ಧಾಟಿ ಮಾವನದು. ಎರಡೂ ಅಡುಗೆಮನೆಯ ಬಾಗಿಲಿನಿಂದ ದಿನವೂ ಒಳಬಂದು ಯಾವಾಗ ನನ್ನೊಳಗೆ ಕೂಡಿಕೊಂಡಿದ್ದವೋ ನನಗೇ ಗೊತ್ತಿರಲಿಲ್ಲ. ದನಿ ನಡುಗಿತು, ಒಡೆಯಿತು. ಬಿಡಲಿಲ್ಲ. ಎರಡನೆಯ ಸಾಲಿಗೆ ಬ್ಯಾಂಜೋ ಒಂದು ಸ್ವರ ಹಿಂದಿನಿಂದ ಬಂದು ಸೇರಿಕೊಂಡಿತು, ಆಮೇಲೆ ನನ್ನ ಜೊತೆಜೊತೆಗೇ ನಡೆಯಿತು.

ಅತ್ತೆ ನನ್ನ ಕಡೆಗೆ ತಿರುಗಿದರು. ತಪ್ಪು ಹಾಡಿದೆನೇನೋ ಎಂದುಕೊಂಡೆ. ಅವರು ಕೈ ಚಾಚಿ, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗೆ, ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಟ್ಟರು. ಹುಡುಗಿಯ ಕಾಲು ಹಸೆ ಮುಟ್ಟುವವರೆಗೂ ತೆಗೆಯಲಿಲ್ಲ.