ನೆಲಮಾಳಿಗೆಗೆ ರಾಜ್ಯದ ಸ್ಥಾನಮಾನ ನೀಡುವ ಕುರಿತು

ಬೇಸಿಗೆ ಪೌರಶಿಕ್ಷಣ ಶಿಬಿರ ಕಾರ್ಯಾಲಯ
ಕಾಲೇಜು ಆವರಣ, ಅಯೋವಾ

ಕ್ರಮಾಂಕ: ಬೇ.ಪೌ.ಶಿ/ನೆ.ಮಾ/ಚಹಾ/03

ವಿಷಯ: ಹೈಸ್ಕೂಲು ವಿದ್ಯಾರ್ಥಿಗಳು ಅಮೆರಿಕದ ಇತಿಹಾಸ ಹಾಗೂ ಸರ್ಕಾರದ ವ್ಯವಸ್ಥೆಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ಕಲಿತಿರುವ ಬಗ್ಗೆ.

ಉಲ್ಲೇಖ: 1) ಮಂಗಳವಾರ ಕಾರಂಜಿಯಲ್ಲಿ ಕಂಡುಬಂದ ಚಹಾ.
2) ಡೀನ್‌ರವರ ಮೌಖಿಕ ಕೂಗಾಟ.

ಪ್ರಸ್ತಾವನೆ:
ಹಾಸ್ಟೆಲಿನ ಮೂರು ಮಹಡಿಗಳನ್ನು ಮೂರು ರಾಜ್ಯಗಳೆಂದು ಘೋಷಿಸಿ, ಬೆಳಗಿನ ತಿಂಡಿಯನ್ನು ಮತದಾನದಿಂದ ನಿರ್ಧರಿಸಲು ಸಂಯೋಜಕಿ ಶ್ರೀಮತಿ ವರ್ನಾ ಹಾಫ್‌ಸ್ಟಾಡ್ ಇವರು ಏರ್ಪಾಡು ಮಾಡಿದ್ದು ಸರಿಯಷ್ಟೆ. ಕೊಠಡಿ ಸಾಲದೆ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕ ಮಲಗಿಸಲಾದ ವಿದ್ಯಾರ್ಥಿಗಳನ್ನು ನಕ್ಷೆಯಲ್ಲಿ ಸೇರಿಸಲು ಮರೆಯಲಾಗಿತ್ತು. ಪಾತ್ರೆ ತೊಳೆಯುವ ಪಾಳಿಯಲ್ಲಿ ಸೇರಿಸಲು ಮರೆತಿರಲಿಲ್ಲ. ಸದರಿ ವಿದ್ಯಾರ್ಥಿಗಳು ಮೇಲಿನವರು ಆರಿಸಿದ ಓಟ್ಸ್ ಗಂಜಿಯನ್ನೇ ತಿಂದೂ ತಿಂದೂ ಬೇಸತ್ತು, ಮಂಗಳವಾರ ಕ್ಯಾಂಟೀನಿನ ಐಸ್ ಟೀಯನ್ನೆಲ್ಲ ಕಾರಂಜಿಗೆ ಸುರಿದಿರುತ್ತಾರೆ.

"ಯಾರ್ರೀ ಇದನ್ನ ಮಾಡಿದ್ದು?" ಎಂದು ಶ್ರೀಮತಿ ವರ್ನಾ ಇವರು ಮನೆಚಪ್ಪಲಿಯಲ್ಲೇ ಓಡಿಬಂದು ವಿಚಾರಿಸಲಾಗಿ, ನೆಲಮಾಳಿಗೆಯ ಕು. ಜೂನಿ ವೆಲ್ಡ್ ಇವಳು, "ಓಟು ಕೊಡದೆ ತೆರಿಗೆ ಕೇಳಿದ್ದಕ್ಕೆ ಜನ ಚಹಾನೆಲ್ಲ ಸಮುದ್ರಕ್ಕೆ ಸುರಿದ್ರು ಅಂತ ನೀವೇ ಅಲ್ವಾ ಮೇಡಂ ನಿನ್ನೆ ಪಾಠ ಮಾಡಿದ್ದು? ಪಾತ್ರೆ ತಿಕ್ಕೋಕೆ ನಾವು ಬೇಕು, ಓಟಿಗೆ ಬೇಡ್ವಾ?" ಎಂದು ಉತ್ತರಿಸಿರುತ್ತಾಳೆ. ಶ್ರೀಮತಿ ವರ್ನಾ ಇವರಿಗೆ ಆ ಕ್ಷಣ ಎದೆಯುಬ್ಬಿ ಬಂದದ್ದನ್ನು ಕಡತದಲ್ಲಿ ದಾಖಲಿಸಲು ಅವಕಾಶವಿರುವುದಿಲ್ಲ.

ನೆಲಮಾಳಿಗೆಯವರನ್ನೆಲ್ಲ ಮನೆಗೆ ಕಳುಹಿಸುವಂತೆ ಡೀನ್‌ರವರು ಆದೇಶಿಸಿದ್ದರು. "ಹಾಗಾದ್ರೆ ಮೊದಲು ಕಲಿಸಿದವಳನ್ನ ಕಳಿಸಿ ಸಾರ್. ನನ್ನ ಪೆಟ್ಟಿಗೆ ಕಟ್ಟಿಯಾಗಿದೆ" ಎಂದು ಶ್ರೀಮತಿ ವರ್ನಾ ಇವರು ನಿವೇದಿಸಿಕೊಂಡ ಮೇರೆಗೆ ಆದೇಶವನ್ನು ಹಿಂಪಡೆಯಲಾಗಿದೆ.

ಆದ್ದರಿಂದ ಸರ್ವರ ಗಮನಕ್ಕೆ ತರುವುದೇನೆಂದರೆ:

1. ನೆಲಮಾಳಿಗೆಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ನಾಲ್ಕನೇ ರಾಜ್ಯವೆಂದು ಪರಿಗಣಿಸತಕ್ಕದ್ದು.

2. ರಾಜ್ಯಧ್ವಜವಾಗಿ ಕಾಲುಚೀಲವನ್ನು ಹಾರಿಸಬಹುದು. ಅದು ಒಗೆದದ್ದಾಗಿರತಕ್ಕದ್ದು, ಬೇರೆ ರಾಜ್ಯದ ಪ್ರಜೆಯದ್ದಾಗಿರಬಾರದು.

3. ಚಹಾ ಸುರಿಯುವ ಪ್ರಾಯೋಗಿಕ ಪಾಠವನ್ನು ಇನ್ನು ಮುಂದೆ ಬರೀ ನೀರಿನಿಂದ ನಡೆಸತಕ್ಕದ್ದು. ಕಾರಂಜಿಯ ಬಾತುಕೋಳಿಗಳು ಮಂಗಳವಾರದಿಂದ ಕಣ್ಣು ಮುಚ್ಚಿಲ್ಲವೆಂದು ತೋಟಗಾರರು ವರದಿ ಮಾಡಿರುತ್ತಾರೆ.

4. ಸ್ನಾನದ ಮನೆಯ ಚಿಲಕ ಹಾಕಿಕೊಂಡು ಸುದೀರ್ಘ ಭಾಷಣ ಮಾಡಿ ಸರದಿಯನ್ನು ತಡೆಹಿಡಿಯುವುದು ಭಾಷಣದಿಂದಲೇ ಮಸೂದೆ ತಡೆಯುವ ಸೆನೆಟ್ ಸದಸ್ಯರ ಹಕ್ಕಿಗೆ ಸಮವೆಂದು ವಾದಿಸುವಂತಿಲ್ಲ.

5. ರಾಷ್ಟ್ರನಿರ್ಮಾಪಕರ ವೇಷದ ಬಿಳಿ ಕೂದಲಿಗಾಗಿ ಪ್ರಥಮ ಚಿಕಿತ್ಸೆಯ ಹತ್ತಿಯನ್ನು ಬಳಸಿದವರು, ಯಾರಿಗಾದರೂ ಗಾಯವಾದಲ್ಲಿ, ತಲೆಯಿಂದ ಕೂಡಲೇ ಕಿತ್ತು ಕೊಡತಕ್ಕದ್ದು.

6. ಅಡುಗೆಯವರ ವಿರುದ್ಧದ ಮಹಾಭಿಯೋಗವನ್ನು ತಿಂಡಿ ಬಡಿಸಿದ ನಂತರವೇ ಆರಂಭಿಸತಕ್ಕದ್ದು.

ಇಂದಿನ ಮತದಾನದಲ್ಲಿ ನೆಲಮಾಳಿಗೆಯ ಬೆಂಬಲದಿಂದ ಪ್ಯಾನ್‌ಕೇಕ್ ಗೆದ್ದಿದೆ. ಕು. ಜೂನಿ ಅದನ್ನು ಸಕ್ಕರೆಪಾಕದಲ್ಲಿ ಮುಳುಗಿಸಿ ತಿಂದಳು. ಸೋತ ಮೂರನೇ ಮಹಡಿಯವರು ಪಾತ್ರೆ ತೊಳೆದರು.

ಸಹಿ/-
(ವರ್ನಾ ಹಾಫ್‌ಸ್ಟಾಡ್)
ಸಂಯೋಜಕಿ

ಪ್ರತಿಗಳು:
1. ಡೀನ್‌ರವರಿಗೆ, ಕುಳಿತು ಓದಿಕೊಳ್ಳಲು ಕೋರಿ.
2. ನಾಲ್ಕೂ ರಾಜ್ಯಗಳ ರಾಜ್ಯಪಾಲರಿಗೆ, ಶೌಚಾಲಯದ ಬಾಗಿಲಿಗೆ ಅಂಟಿಸಲು.
3. ಅಡುಗೆಯವರಿಗೆ, ಧೈರ್ಯಕ್ಕಾಗಿ.
4. ಹುಲ್ಲುಹಾಸಿನ ಮೇಲೆ ಡೇರೆ ಹಾಕಿರುವ ತುತ್ತೂರಿ ಶಿಬಿರದವರಿಗೆ: ತಮಗೂ ರಾಜ್ಯದ ಸ್ಥಾನಮಾನ ಬೇಕೆಂಬ ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ದಯವಿಟ್ಟು ಊದಬಾರದು.