ಮೂವತ್ತೆರಡು ಕಿಲೋ ಗೊಂಬೆ

"ತೂಕದ ಯಂತ್ರ ನಿಂದು. ಮೂವತ್ತೆರಡು ಕಿಲೋ ಅಂತ ಬಂದ್ರೆ ನನ್ನನ್ಯಾಕೆ ಕೇಳ್ತೀಯ?"

"ಯಂತ್ರದ ಮೇಲೆ ನೋಡಿ, ಮೂರು ಸಾವಿರದ ಇನ್ನೂರು ಗ್ರಾಂ ಅಂತಿದೆ. ಮೂವತ್ತೆರಡು ಕಿಲೋ ಅಂತಿರೋದು ನಿಮ್ಮ ಕಂಪ್ಯೂಟರ್."

ಹೆರಿಗೆ ವಾರ್ಡಿನಲ್ಲಿ ಗಂಡ ಹೆಂಡತಿ ಪರೀಕ್ಷೆಯ ಗೊಂಬೆಯೊಂದನ್ನು ನಡುವೆ ಮಲಗಿಸಿಕೊಂಡು ಜಗಳಕ್ಕೆ ನಿಂತಿದ್ದರು. ಹಸುಗೂಸುಗಳನ್ನು ತೂಗುವ ಯಂತ್ರಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದವಳು ಹೆಂಡತಿ. ಅದು ಕಳಿಸಿದ್ದನ್ನು ಕಂಪ್ಯೂಟರಿನಲ್ಲಿ ಓದಿ ತೋರಿಸುವ ಪ್ರೋಗ್ರಾಂ ಗಂಡನದು. ಇಬ್ಬರೂ ವರ್ಷವಿಡೀ ಬೆವರು ಸುರಿಸಿ ಮಾಡಿದ ಮೊದಲ ಯಂತ್ರ. ಮಧ್ಯಾಹ್ನ ಮೂರು ಗಂಟೆಯೊಳಗೆ ಸರಿಹೋಗದಿದ್ದರೆ ಯಂತ್ರದ ಸಮೇತ ಹೊರಡಬಹುದು ಎಂದು ಹಿರಿಯ ನರ್ಸ್ ತಣ್ಣಗೆ ಹೇಳಿಯಾಗಿತ್ತು. ಹೆಂಡತಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಹೆದರಿದಷ್ಟೂ ಅವಳ ಬಾಯಿ ಜೋರಾಗುತ್ತಿತ್ತು.

"ನೀನು ಸಂದು ಬಿಟ್ಟಿರ್ತೀಯ. ನೀನು ಕಳಿಸೋ ಹಾಸಿಗೆ ನಂಬರಿಗೂ ತೂಕಕ್ಕೂ ನಡುವೆ ಕಂಪೈಲರ್ ತಾನಾಗೇ ಒಂದು ಬೈಟ್ ಜಾಗ ಖಾಲಿ ಬಿಡುತ್ತೆ."

"ನಾನು ಪ್ಯಾಕ್ ಮಾಡಿದೀನಿ. ಖಾಲಿ ಜಾಗ ಒಂದೂ ಇಲ್ಲ. ನೀವು?"

"ನಾನೂ ಮಾಡಿದೀನಿ. ಎರಡೂ ಕಡೆ ಒತ್ತಿ ತುಂಬಿದ ಮೇಲೆ ಎಲ್ಲಿ ತಗೊಂಡು ಹೋದ್ರೂ ಒಂದೇ."

"ಒತ್ತಿ ತುಂಬಿದ್ರೆ ಮುಗೀತಾ? ತೂಕಕ್ಕೆ ಎರಡು ಬೈಟ್, ಅಂದ್ರೆ ಒಂದೇ ಸಂಖ್ಯೆಯ ಎರಡು ಅರ್ಧ. ನನ್ನ ಚಿಪ್ ದೊಡ್ಡ ಅರ್ಧ ಮೊದಲು ಕಳಿಸುತ್ತೆ. ನಿಮ್ಮದು ಚಿಕ್ಕ ಅರ್ಧ ಮೊದಲು ಬಂತು ಅಂದ್ಕೊಂಡು ಓದುತ್ತೆ. ಹಿಂದುಮುಂದಾಗಿ ಓದಿದ್ರೆ ಗೊಂಬೆ ದಪ್ಪ ಆಗದೆ ಇನ್ನೇನಾಗುತ್ತೆ?"

"ಹಾಗಾದ್ರೆ ತಿರುಗಿಸಿ ಕಳಿಸು."

"ನಾನ್ಯಾಕೆ? ಓದೋರು ತಿರುಗಿಸಿಕೊಳ್ಳಲಿ."

ಅಲ್ಲಿಂದ ಮಾತು ಚಿಪ್ಪನ್ನು ಬಿಟ್ಟು, ಮನೆಯ ಕಪಾಟಿನಲ್ಲಿ ಯಾರ ಬಟ್ಟೆಯನ್ನು ಯಾರು ಮಡಚುತ್ತಾರೆ ಎಂಬಲ್ಲಿಗೆ ಹೋಯಿತು. ನರ್ಸ್ ಗೋಡೆಯ ಗಡಿಯಾರ ನೋಡಿದರು. ಗಂಡನ ಮುಖ ಸಪ್ಪಗಾದದ್ದು ಕಂಡು ಹೆಂಡತಿಗೆ ಅಯ್ಯೋ ಪಾಪ ಎನಿಸಿತು. ವೈರ್ ನೋಡಿ ಬರುತ್ತೇನೆಂದು ಯಂತ್ರವನ್ನೇ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ಅಲ್ಲಿ ಸದ್ದಿಲ್ಲದೆ ಎರಡು ಬೈಟುಗಳನ್ನು ಅದಲುಬದಲು ಮಾಡಿ, ಏನೂ ಅರಿಯದವಳಂತೆ ಹಿಂದಿರುಗಿದಳು.

ಗೊಂಬೆಯನ್ನು ಮತ್ತೆ ಮಲಗಿಸಿದರು. ಪರದೆಯ ಮೇಲೆ ಮತ್ತದೇ ಮೂವತ್ತೆರಡು ಕಿಲೋ.

"ನಾನು ತಿರುಗಿಸಿದ್ನಲ್ಲ," ಎಂದಳು. ಅವಳ ದನಿ ಉಡುಗಿಹೋಗಿತ್ತು.

ಗಂಡ ನೆಲ ನೋಡಿದ. "ನೀನು ಆ ಕೋಣೆಗೆ ಹೋದಾಗ ನಾನೂ ತಿರುಗಿಸಿದೆ. ನೀನು ಇನ್ನೇನು ಅತ್ತೇಬಿಡ್ತೀಯ ಅನ್ನಿಸ್ತು."

"ಇಬ್ಬರೂ ಸೋತ್ರೆ ಹೇಗ್ರೀ?" ಎಂದರು ನರ್ಸ್. "ಒಬ್ಬರು ಸಾಕು."

ತಾನೇ ಮೊದಲಿನ ಹಾಗೆ ಮಾಡುತ್ತೇನೆಂದು ಇಬ್ಬರೂ ಒಟ್ಟಿಗೇ ಕೈ ಚಾಚಿದರು. ನರ್ಸ್ ಗಂಡನ ಮುಂದಿದ್ದ ಕೀಬೋರ್ಡನ್ನು ಕಿತ್ತು ಕಂಕುಳಲ್ಲಿ ಇರುಕಿಕೊಂಡರು. ಹೆಂಡತಿ ಒಬ್ಬಳೇ ತನ್ನದನ್ನು ಹಿಂದಿನಂತೆ ಮಾಡಿದಳು. ಮೂರು ಗಂಟೆಗೆ ಐದು ನಿಮಿಷವಿತ್ತು. ಪರದೆಯ ಮೇಲೆ ಮೂರು ಸಾವಿರದ ಇನ್ನೂರು ಬಂತು.

ಗಂಡ ನಿಟ್ಟುಸಿರು ಬಿಟ್ಟ. "ಅಂದ್ರೆ ಕೊನೆಗೂ ಸೋತಿದ್ದು ನಾನೇ."

ನರ್ಸ್ ಅವನ ಕೈಗೊಂದು ಕಾಗದ ಕೊಟ್ಟರು. "ಹೌದು. ಅದನ್ನೇ ಬರೆದು ಯಂತ್ರಕ್ಕೆ ಅಂಟಿಸಿ. ಇಲ್ಲಾಂದ್ರೆ ನಾಳೆ ಬಂದು ಮತ್ತೆ ತಿರುಗಿಸಿ ಗೆದ್ದುಬಿಡ್ತೀರಿ."